ಕ್ಯಾಡೆಟ್ ಸೀನಿಯರ್ ಬಾಲ್ಸಾ ಕಿಟ್: ಕಟ್ಟಿ ಹಾರಿಸಿದ ಮೇಲಿನ ವಿಮರ್ಶೆ

ಅಮೆರಿಕದ ಅಯೋವಾ ರಾಜ್ಯದ ಮಾಂಟೆಝುಮಾ ಎಂಬ ಸಣ್ಣ ಊರಿನ ಸಿಗ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹೊರತಂದ ‘ಕ್ಯಾಡೆಟ್ ಸೀನಿಯರ್’ ಎಂಬ ರೇಡಿಯೋ ನಿಯಂತ್ರಿತ ಮಾದರಿ ವಿಮಾನದ ಕಿಟ್ಟನ್ನು ಕಟ್ಟಿ, ಹಾರಿಸಿ, ರಿಪೇರಿಯನ್ನೂ ಮಾಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇದು ಹೊಸ ಉತ್ಪನ್ನವಲ್ಲ. ಬಾಲ್ಸಾ ಎಂಬ ಹಗುರ ಮರದ ಹಲಗೆಯ ಮೇಲೆ ಉಕ್ಕಿನ ಅಚ್ಚು ಒತ್ತಿ ಬಿಡಿಭಾಗಗಳನ್ನು ಕತ್ತರಿಸುತ್ತಿದ್ದ ಕಾಲದಲ್ಲಿ ಹುಟ್ಟಿದ ವಿನ್ಯಾಸ. ನನ್ನ ಕೈಗೆ ಬಂದದ್ದೂ ಆ ಕಾಲದ ಪೆಟ್ಟಿಗೆಯೇ, ಬೇರೊಬ್ಬ ಹವ್ಯಾಸಿಯ ಮನೆಯ ಅಟ್ಟದ ಮೇಲೆ ಬಿಚ್ಚದೆ ಉಳಿದಿದ್ದದ್ದು. ಥರ್ಮಾಕೋಲಿನಂಥ ಹಗುರ ಫೋಮಿನಲ್ಲಿ ಅಚ್ಚು ಹೊಯ್ದು ತಯಾರಾದ ವಿಮಾನಗಳು ಅಂಗಡಿಯಿಂದ ತಂದ ದಿನವೇ ಹಾರಲು ಸಿದ್ಧವಾಗಿರುವಾಗ ಇಂಥ ಕಿಟ್ಟಿನ ವಿಮರ್ಶೆಯಿಂದ ಯಾರಿಗೆ ಪ್ರಯೋಜನ ಎಂದು ಕೇಳಬಹುದು. ಹಾರಾಟ ಕಲಿಯುವವರ ವಿಮಾನ ಇಂದಲ್ಲ ನಾಳೆ ನೆಲಕ್ಕೆ ಬಡಿಯುವುದು ಖಚಿತವಾದ್ದರಿಂದ, ಮುರಿದ ಮೇಲೆ ಅದರ ಗತಿ ಏನು ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸುವುದು ಒಳ್ಳೆಯದು. ಈ ಕಿಟ್ಟನ್ನು ನಾನು ಮುಖ್ಯವಾಗಿ ಆ ದೃಷ್ಟಿಯಿಂದಲೇ ಅಳೆದಿದ್ದೇನೆ.

ಗ್ಲೆನ್ ಸಿಗಾಫೂಸ್ ಮತ್ತು ಹೇಝಲ್ ದಂಪತಿ 1951ರಲ್ಲಿ ಆರಂಭಿಸಿದ ಕಂಪನಿ ಇದು. ಬಾಲ್ಸಾ ಮರದ ವ್ಯಾಪಾರದಿಂದ ಬೆಳೆದು ಕಿಟ್‌ಗಳ ತಯಾರಿಕೆಗೆ ಬಂದದ್ದರಿಂದಲೋ ಏನೋ, ಮರದ ಆಯ್ಕೆಯ ವಿಷಯದಲ್ಲಿ ಹವ್ಯಾಸಿಗಳ ನಡುವೆ ಸಿಗ್ ಹೆಸರಿಗೆ ಮೊದಲಿನಿಂದಲೂ ಮರ್ಯಾದೆಯಿದೆ. ಹಾರಾಟ ಕಲಿಯುವವರಿಗೆಂದೇ ಆ ಕಂಪನಿ ರೂಪಿಸಿದ ಕ್ಯಾಡೆಟ್ ಮಾಲಿಕೆಯಲ್ಲಿ ಸೀನಿಯರ್ ದೊಡ್ಡಣ್ಣ. ರೆಕ್ಕೆಯ ತುದಿಯಿಂದ ತುದಿಗೆ 78 ಇಂಚು, ಅಂದರೆ ಎರಡು ಮೀಟರಿಗೆ ಎರಡೇ ಸೆಂಟಿಮೀಟರು ಕಡಿಮೆ. ರೆಕ್ಕೆಯ ವಿಸ್ತೀರ್ಣ 1150 ಚದರ ಇಂಚು. ಸಿದ್ಧಗೊಂಡ ವಿಮಾನದ ತೂಕ ಆರರಿಂದ ಆರೂವರೆ ಪೌಂಡು, ನಮ್ಮ ಲೆಕ್ಕದಲ್ಲಿ 2.7ರಿಂದ 2.95 ಕಿಲೋಗ್ರಾಂ. ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಪ್ರತಿ ಚದರ ಡೆಸಿಮೀಟರ್ ರೆಕ್ಕೆ ಹೊರುವ ಭಾರ 37ರಿಂದ 40 ಗ್ರಾಂ ಮಾತ್ರ ಎಂದು ತಿಳಿಯುತ್ತದೆ. ಎರಡು ಮೀಟರಿನ ವಿಮಾನಕ್ಕೆ ಇದು ಬಹಳ ಕಡಿಮೆ ಭಾರ, ಮತ್ತು ಈ ಕಿಟ್ಟಿನ ಒಳಿತು ಕೆಡಕುಗಳಲ್ಲಿ ಹೆಚ್ಚಿನವು ಈ ಒಂದು ಸಂಖ್ಯೆಯಿಂದಲೇ ಹೊರಡುತ್ತವೆ.

ಪೆಟ್ಟಿಗೆ ತೆರೆದರೆ ಬಾಲ್ಸಾ ಹಲಗೆಗಳು, ಉದ್ದನೆಯ ಕಡ್ಡಿಗಳು, ಪ್ಲೈವುಡ್ ತುಂಡುಗಳು, ಸ್ಕ್ರೂ ಮತ್ತು ತಂತಿಗಳ ಪೊಟ್ಟಣ, ಚಿತ್ರಸಹಿತ ಕೈಪಿಡಿ ಮತ್ತು ಮಡಿಚಿಟ್ಟ ಪೂರ್ಣಾಕಾರದ ನಕ್ಷೆ ಕಾಣುತ್ತವೆ. ಎಂಜಿನ್ ಅಥವಾ ಮೋಟಾರು, ರೇಡಿಯೋ, ಅಂಟು, ಮೇಲುಹೊದಿಕೆಯ ಫಿಲ್ಮ್ ಇವು ಯಾವುವೂ ಇದರಲ್ಲಿ ಇರುವುದಿಲ್ಲ. ಮೊದಲ ಬಾರಿಗೆ ಕಿಟ್ ಕೊಳ್ಳುವವರು ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು, ಏಕೆಂದರೆ ಪೆಟ್ಟಿಗೆಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ಹಣ ಅದರ ಹೊರಗಿನ ಸಾಮಾನುಗಳಿಗೇ ಹೋಗುತ್ತದೆ. ರೇಡಿಯೋ, ಮೋಟಾರುಗಳನ್ನು ಮುಂದಿನ ವಿಮಾನಗಳಿಗೂ ಬಳಸಿಕೊಳ್ಳಬಹುದು ಎಂಬುದಷ್ಟೇ ಸಮಾಧಾನ.

ಆ ಸಾಮಾನುಗಳೆಲ್ಲದರಲ್ಲಿ ನನ್ನ ಮಟ್ಟಿಗೆ ಅತ್ಯಂತ ಬೆಲೆಬಾಳುವುದು ನಕ್ಷೆ. ವಿಮಾನದ ಪ್ರತಿಯೊಂದು ಭಾಗವನ್ನೂ ನಿಜವಾದ ಅಳತೆಯಲ್ಲೇ ಬರೆದಿರುವುದರಿಂದ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಅಂಟು ಹಿಡಿಯದಂತೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಮುಚ್ಚಿ, ಗೆರೆಗಳ ಮೇಲೆಯೇ ಮರವನ್ನು ಇಟ್ಟು ಗುಂಡುಸೂಜಿಗಳಿಂದ ಬಿಗಿದು ವಿಮಾನವನ್ನು ಕಟ್ಟಬಹುದು. ಲೇಸರಿನಲ್ಲಿ ಕತ್ತರಿಸಿದ ಈಗಿನ ಕೆಲವು ಕಿಟ್‌ಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಭಾಗಗಳನ್ನು ಕೊಟ್ಟು ನಕ್ಷೆಯ ಕೆಲಸವನ್ನು ತೀರಾ ಕಡಿಮೆ ಮಾಡಿವೆ. ಅದರಿಂದ ಕೆಲಸ ಬೇಗ ಸಾಗುತ್ತದೆ, ನಿಜ. ಆದರೆ ಯಾವ ಭಾಗ ಯಾವ ಭಾರವನ್ನು ಹೊರುತ್ತದೆ, ಈ ಕಡ್ಡಿ ಇಲ್ಲಿ ಓರೆಯಾಗಿ ಏಕೆ ಕೂತಿದೆ ಎಂಬ ಪ್ರಶ್ನೆಗಳು ಅಲ್ಲಿ ಏಳುವುದೇ ಇಲ್ಲ. ಕ್ಯಾಡೆಟ್ ಸೀನಿಯರ್ ನಕ್ಷೆಯನ್ನು ಓದುತ್ತ ಹೋದರೆ ಹಿಂಭಾಗದ ಒಡಲಿನ ಕಡ್ಡಿಗಳ ಚೌಕಟ್ಟು ಎಷ್ಟು ಕಡಿಮೆ ಮರದಲ್ಲಿ ಎಷ್ಟು ಬಿಗಿತವನ್ನು ಪಡೆದಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಅಳತೆಗಳೆಲ್ಲ ಇಂಚಿನಲ್ಲಿ, ಅದರಲ್ಲೂ ಹದಿನಾರನೆಯ ಒಂದು ಭಾಗ, ಮೂವತ್ತೆರಡನೆಯ ಮೂರು ಭಾಗ ಎಂಬ ಭಿನ್ನರಾಶಿಗಳಲ್ಲಿ ಇರುವುದು ಮಾತ್ರ ಮಿಲಿಮೀಟರಿಗೆ ಒಗ್ಗಿದ ನಮಗೆ ತೊಡಕು. ಇಂಚಿನ ಗುರುತುಗಳಿರುವ ಒಂದು ಉಕ್ಕಿನ ಸ್ಕೇಲು ಇದ್ದರೆ ಆ ತೊಡಕು ಅರ್ಧಕ್ಕೆ ಇಳಿಯುತ್ತದೆ.

ಕೆಲಸಕ್ಕೆ ಇಳಿಯುವ ಮುನ್ನವೇ ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ, ಎಂಜಿನಿಯರಿಂಗ್ ನಕ್ಷೆಗಳನ್ನು ಪ್ರತಿ ಮಾಡುವ ದೊಡ್ಡ ಯಂತ್ರದಲ್ಲಿ, ನೂರಕ್ಕೆ ನೂರು ಅಳತೆಯಲ್ಲಿ ಪ್ರತಿ ಮಾಡಿಸಿಕೊಳ್ಳಬೇಕು. ಮೂಲವನ್ನು ಸುತ್ತಿ ಎತ್ತಿಟ್ಟು ಪ್ರತಿಯ ಮೇಲೆ ಕಟ್ಟಬೇಕು. ಪ್ರತಿಯಾಗುವಾಗ ಕಾಗದ ಒಂದು ದಿಕ್ಕಿನಲ್ಲಿ ಸ್ವಲ್ಪ ಹಿಗ್ಗುವುದುಂಟು; ಆದ್ದರಿಂದ ರಿಬ್ಬುಗಳ, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳ, ನಡುವಣ ಅಂತರವನ್ನು ಸ್ಕೇಲಿನಿಂದ ಒಮ್ಮೆ ಪರೀಕ್ಷಿಸಿಯೇ ಅಂಗಡಿಯಿಂದ ಹೊರಡುವುದು ಒಳ್ಳೆಯದು.

ಮರದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಾಲ್ಸಾ ದಕ್ಷಿಣ ಮತ್ತು ಮಧ್ಯ ಅಮೆರಿಕದ ಮರ. ವ್ಯಾಪಾರಕ್ಕೆ ಬರುವ ಬಾಲ್ಸಾದ ಬಹುಪಾಲು ಈಕ್ವೆಡಾರ್ ದೇಶದ್ದು. ಬೇಗ ಬೆಳೆಯುವ ಈ ಮರದ ಸಾಂದ್ರತೆ ಒಂದೇ ತೋಟದೊಳಗೂ ಮರದಿಂದ ಮರಕ್ಕೆ ಬದಲಾಗುತ್ತದೆ. ಘನ ಮೀಟರಿಗೆ 100 ಕಿಲೋಗ್ರಾಮಿಗಿಂತ ಹಗುರವಾದದ್ದೂ ಸಿಗುತ್ತದೆ, 200ನ್ನು ದಾಟುವುದೂ ಸಿಗುತ್ತದೆ. ಸಾಂದ್ರತೆಯಷ್ಟೇ ಮುಖ್ಯವಾದದ್ದು ಹಲಗೆಯನ್ನು ದಿಮ್ಮಿಯಿಂದ ಯಾವ ದಿಕ್ಕಿನಲ್ಲಿ ಸೀಳಿದ್ದಾರೆ ಎಂಬುದು. ಬೆಳವಣಿಗೆಯ ಉಂಗುರಗಳಿಗೆ ಅಡ್ಡವಾಗಿ ಸೀಳಿದ ಹಲಗೆಯ ಮೈಮೇಲೆ ಮಿನುಗುವ ಚುಕ್ಕೆಗಳು ಕಾಣುತ್ತವೆ. ಅದು ಅಡ್ಡಕ್ಕೆ ಬಾಗದೆ ಸೆಟೆದು ನಿಲ್ಲುವುದರಿಂದ ರಿಬ್ಬುಗಳಿಗೆ ಹೇಳಿ ಮಾಡಿಸಿದ್ದು. ಉಂಗುರಗಳಿಗೆ ಸ್ಪರ್ಶಕವಾಗಿ ಸೀಳಿದ ಹಲಗೆ ಸುಲಭವಾಗಿ ಬಾಗುವುದರಿಂದ ರೆಕ್ಕೆಯ ಮುಂಬದಿಯ ಬಾಗಿದ ಮೇಲ್ಮೈಗೆ ಸಲ್ಲುತ್ತದೆ. ನನ್ನ ಪೆಟ್ಟಿಗೆಯಲ್ಲಿ ರಿಬ್ಬುಗಳ ಹಲಗೆಗಳು ಚುಕ್ಕೆಯುಳ್ಳವು, ಉದ್ದನೆಯ ಕಡ್ಡಿಗಳು ನೇರವಾದವು, ಒಂದೇ ಗಾತ್ರದ ಕಡ್ಡಿಗಳ ತೂಕಗಳಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿ, ಎಡ ಬಲ ರೆಕ್ಕೆಗಳಿಗೆ ಸಮನಾದ ಜೋಡಿಗಳನ್ನು ಆರಿಸಿಟ್ಟುಕೊಂಡು ಹೊರಡುವುದು ಒಳ್ಳೆಯ ಅಭ್ಯಾಸ. ಬಾಲದ ಭಾಗಕ್ಕೆ ಇರುವುದರಲ್ಲೇ ಹಗುರವಾದ ಕಡ್ಡಿಗಳನ್ನು ಎತ್ತಿಡಬೇಕು, ಏಕೆಂದರೆ ಬಾಲದಲ್ಲಿ ಸೇರಿದ ಒಂದು ಗ್ರಾಂ ತೂಕವನ್ನು ಸರಿದೂಗಿಸಲು ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ಇಡಬೇಕಾಗುತ್ತದೆ.

ಅಚ್ಚು ಒತ್ತಿ ಕತ್ತರಿಸುವ ವಿಧಾನಕ್ಕೆ ಅದರದೇ ಮಿತಿಗಳಿವೆ. ಅಚ್ಚಿನ ಅಂಚು ಮೊಂಡಾದಂತೆಲ್ಲ ಮರ ಕತ್ತರಿಸುವ ಬದಲು ಜಜ್ಜಿಹೋಗುತ್ತದೆ, ಹಲಗೆಯ ಹಿಂಬದಿಯ ನಾರು ಪೂರ್ತಿ ತುಂಡಾಗದೆ ಉಳಿಯುತ್ತದೆ. ಇಂಥ ಯಾವುದೇ ಹಳೆಯ ಕಿಟ್ಟಿನಲ್ಲಿ ಭಾಗಗಳನ್ನು ಕೈಯಿಂದ ಒತ್ತಿ ಬಿಡಿಸಲು ಹೋಗಬಾರದು. ಹಲಗೆಯ ಹಿಂಬದಿಯನ್ನು ಉಪ್ಪುಕಾಗದದಿಂದ ಲಘುವಾಗಿ ಉಜ್ಜಿದರೆ ಅಚ್ಚಿನ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಆಮೇಲೆ ಅದೇ ಗೆರೆಯಲ್ಲಿ ಹರಿತವಾದ ಬ್ಲೇಡು ಓಡಿಸಿದರೆ ಭಾಗ ತಾನಾಗಿ ಕಳಚಿಕೊಳ್ಳುತ್ತದೆ. ಇದಕ್ಕಾಗಿ ವಿದೇಶಿ ಹವ್ಯಾಸದ ಚಾಕುಗಳನ್ನು ತರಿಸುವ ಅಗತ್ಯವಿಲ್ಲ. ಮೆಡಿಕಲ್ ಸ್ಟೋರುಗಳಲ್ಲಿ ಸಿಗುವ 11ನೆಯ ಸಂಖ್ಯೆಯ ಸರ್ಜಿಕಲ್ ಬ್ಲೇಡು ಮತ್ತು ಅದಕ್ಕೆ ಹೊಂದುವ 3ನೆಯ ಸಂಖ್ಯೆಯ ಹಿಡಿ ಬಾಲ್ಸಾಕ್ಕೆ ಅವುಗಳಿಗಿಂತ ಚೆನ್ನಾಗಿ ಒದಗುತ್ತವೆ, ಬೆಲೆಯೂ ಕಡಿಮೆ. ಬಿಡಿಸಿದ ರಿಬ್ಬುಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ, ಸೂಜಿ ಚುಚ್ಚಿ ಒಂದೇ ಕಟ್ಟಾಗಿ ಮಾಡಿ, ಉಪ್ಪುಕಾಗದ ಅಂಟಿಸಿದ ಪಟ್ಟಿಯಿಂದ ತೀಡಿದರೆ ಎಲ್ಲವೂ ಒಂದೇ ಆಕಾರಕ್ಕೆ ಬರುತ್ತವೆ. ಲೇಸರಿನಲ್ಲಿ ಕತ್ತರಿಸಿದ ಕಿಟ್ಟಿನಲ್ಲಿ ಈ ಶ್ರಮ ಇರುವುದಿಲ್ಲ, ಆದರೆ ಅಲ್ಲಿಯೂ ಸುಟ್ಟು ಕಪ್ಪಾದ ಅಂಚನ್ನು ತೆಳುವಾಗಿ ಉಜ್ಜಿದರೆ ಅಂಟು ಚೆನ್ನಾಗಿ ಹಿಡಿಯುತ್ತದೆ.

ಕಟ್ಟುವ ಮೇಜು ಸಮತಟ್ಟಾಗಿರಲೇಬೇಕು. ಅದು ಬಾಗಿದ್ದರೆ ರೆಕ್ಕೆಯೂ ಹಾಗೆಯೇ ಬಾಗುತ್ತದೆ, ಆಮೇಲೆ ಮೇಲುಹೊದಿಕೆಯ ಫಿಲ್ಮನ್ನು ಎಷ್ಟು ಇಸ್ತ್ರಿ ಮಾಡಿದರೂ ಆ ತಿರುಚು ಪೂರ್ತಿ ಹೋಗುವುದಿಲ್ಲ. ಮರದ ಅಂಗಡಿಯಿಂದ ತಂದ ಒಂದು ಫ್ಲಶ್ ಡೋರ್, ಅದರ ಮೇಲೆ ನೋಟಿಸ್ ಬೋರ್ಡುಗಳಿಗೆ ಬಳಸುವ ಸಾಫ್ಟ್ ಬೋರ್ಡಿನ ಹಾಳೆ, ಇಷ್ಟಿದ್ದರೆ ಸಾಕು. ಒಂದೊಂದು ರೆಕ್ಕೆಯ ಭಾಗವೂ ಸುಮಾರು ಒಂದು ಮೀಟರ್ ಉದ್ದವಿರುವುದರಿಂದ ಅಪಾರ್ಟ್‌ಮೆಂಟಿನ ಸಣ್ಣ ಕೋಣೆಯಲ್ಲೂ ಕೆಲಸ ಸಾಗುತ್ತದೆ. ಎರಡೂ ಭಾಗಗಳನ್ನು ಸೇರಿಸಿದ ಮೇಲಿನ ಪಾಡು ಬೇರೆ. ನಕ್ಷೆಯ ಪ್ರಕಾರ ಅವನ್ನು ನಡುವೆ ಶಾಶ್ವತವಾಗಿ ಅಂಟಿಸಬೇಕು. ಹಾಗೆ ಅಂಟಿಸಿದ ಎರಡು ಮೀಟರಿನ ರೆಕ್ಕೆ ಲಿಫ್ಟಿನೊಳಗೆ ಓರೆಯಾಗಿ ಮಾತ್ರ ಹೋಗುತ್ತದೆ, ಸಣ್ಣ ಕಾರಿನಲ್ಲಿ ಮುಂದಿನ ಸೀಟನ್ನು ಮಲಗಿಸಿದರೆ ಮಾತ್ರ ಹಿಡಿಸುತ್ತದೆ. ಅಮೆರಿಕದಲ್ಲಿ ಪಿಕಪ್ ಗಾಡಿ ಇಟ್ಟುಕೊಂಡವರಿಗೆ ಇದೊಂದು ಸಮಸ್ಯೆಯೇ ಆಗಿರಲಾರದು. ನಮ್ಮ ನಗರಗಳಲ್ಲಿ ಇರುವವರಿಗೆ ಇದು ದೊಡ್ಡ ಕೊರತೆ ಎಂದೇ ನಾನು ಎಣಿಸುತ್ತೇನೆ. ಅನುಭವಿಗಳು ನಡುವೆ ಅಲ್ಯೂಮಿನಿಯಂ ಅಥವಾ ಕಾರ್ಬನ್ ಕೊಳವೆ ಕೂರಿಸಿ ರೆಕ್ಕೆಯನ್ನು ಎರಡಾಗಿ ಬಿಡಿಸುವಂತೆ ಮಾಡಿಕೊಳ್ಳುತ್ತಾರೆ. ಮೊದಲ ಕಿಟ್ ಕಟ್ಟುವವರಿಗೆ ಆ ಮಾರ್ಪಾಡನ್ನು ನಾನು ಸೂಚಿಸಲಾರೆ, ಏಕೆಂದರೆ ಹಾರುವಾಗ ಅತಿ ಹೆಚ್ಚಿನ ಬಾಗುಬಲ ಬೀಳುವುದು ಆ ನಡುಭಾಗದ ಮೇಲೆಯೇ.

ಅಂಟುಗಳ ವಿಷಯದಲ್ಲಿ ನಮ್ಮ ಅಂಗಡಿಗಳಲ್ಲಿ ಸಿಗುವುದರಿಂದಲೇ ಎಲ್ಲ ಕೆಲಸವೂ ಆಗುತ್ತದೆ. ಫೆವಿಕ್ವಿಕ್ಕಿನ ಜಾತಿಯ ಸಯನೋಅಕ್ರಿಲೇಟ್ ಅಂಟು ತೆಳುವಾದ ಕೀಲುಗಳಿಗೆ ಅನುಕೂಲ. ಗಾಳಿಯ ತೇವದಿಂದಲೇ ಅದು ಗಟ್ಟಿಯಾಗುವುದರಿಂದ ಮಳೆಗಾಲದಲ್ಲಿ ಇನ್ನೂ ಬೇಗ ಹಿಡಿಯುತ್ತದೆ, ಅದೇ ಕಾರಣಕ್ಕೆ ತೆರೆದಿಟ್ಟ ಬಾಟಲಿಯೂ ಬೇಗ ಹಾಳಾಗುತ್ತದೆ. ಅದರ ಹಬೆ ಕಣ್ಣು ಮೂಗುಗಳಿಗೆ ಉರಿ ತರುವುದರಿಂದ ಕಿಟಕಿ ತೆರೆದಿಟ್ಟೇ ಕೆಲಸ ಮಾಡಬೇಕು. ರಿಬ್ಬು ಮತ್ತು ಸ್ಪಾರುಗಳ (ರೆಕ್ಕೆಯ ಉದ್ದಕ್ಕೂ ಸಾಗಿ ಭಾರ ಹೊರುವ ಕಡ್ಡಿಗಳ) ಕೀಲಿಗೆ ನನ್ನ ಒಲವು ಮರದ ಬಿಳಿ ಅಂಟಿನ ಕಡೆಗೆ. ಅದು ಒಣಗುವವರೆಗೆ ಭಾಗಗಳನ್ನು ಅತ್ತಿತ್ತ ಸರಿಸಿ ಸರಿಪಡಿಸಲು ಸಮಯ ಸಿಗುತ್ತದೆ, ಒಣಗಿದ ಮೇಲೆ ಕೀಲು ಸುತ್ತಲ ಮರಕ್ಕಿಂತ ಗಟ್ಟಿಯಾಗಿರುತ್ತದೆ. ಆದರೆ ಬಿಳಿ ಅಂಟನ್ನು ಉಜ್ಜಲು ಹೋದರೆ ಅದು ರಬ್ಬರಿನಂತೆ ಮುದುರುತ್ತದೆ, ಅಳತೆ ಮೀರಿ ಹಚ್ಚಿದರೆ ತೂಕವೂ ಏರುತ್ತದೆ. ಆದ್ದರಿಂದ ಕೀಲಿನಿಂದ ಹೊರಬಂದದ್ದನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಬೇಕು. ಮೋಟಾರು ಕೂರುವ ಮುಂಗೋಡೆ, ಗಾಲಿಗಳ ತಂತಿ ಕೂರುವ ಜಾಗ ಮತ್ತು ರೆಕ್ಕೆಯ ನಡುಗೀಲು, ಈ ಮೂರಕ್ಕೆ ಮಾತ್ರ ಅರಾಲ್ಡೈಟಿನಂಥ ಎಪಾಕ್ಸಿ ಅಂಟು ಬಳಸಿದರೆ ಸಾಕು. ಉಳಿದೆಡೆ ಎಪಾಕ್ಸಿ ಹಚ್ಚುವುದು ತೂಕ ಕಟ್ಟಿಕೊಳ್ಳುವ ಕೆಲಸ.

ಈ ವಿಮಾನದ ರೆಕ್ಕೆಯಲ್ಲಿ ಏಲರಾನ್‌ಗಳಿಲ್ಲ, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂದಂಚಿನಲ್ಲಿ ಇರುವ ಚಲಿಸುವ ಪಟ್ಟಿಗಳಿಲ್ಲ. ಮೂಲ ವಿನ್ಯಾಸ ಮೂರು ಚಾನೆಲ್ಲುಗಳದ್ದು, ಅಂದರೆ ರೇಡಿಯೋದಿಂದ ನಿಯಂತ್ರಿಸುವುದು ಮೂರನ್ನು: ಮೂಗನ್ನು ಎಡ ಬಲಕ್ಕೆ ಹೊರಳಿಸುವ ಚುಕ್ಕಾಣಿ, ಮೇಲೆ ಕೆಳಗೆ ಮಾಡುವ ಎಲಿವೇಟರ್ ಮತ್ತು ಎಂಜಿನ್ನಿನ ಬಲ ಏರಿಸಿ ಇಳಿಸುವ ಥ್ರಾಟಲ್. ಏಲರಾನ್ ಇಲ್ಲದೆ ವಿಮಾನ ಓರೆಯಾಗುವುದು ಹೇಗೆ ಎಂಬುದು ಹೊಸಬರ ಸಹಜ ಸಂಶಯ. ಎರಡೂ ರೆಕ್ಕೆಗಳು ನಡುವಿನಿಂದ ತುದಿಯತ್ತ ಸ್ವಲ್ಪ ಮೇಲೇರಿ ನಿಂತಿರುತ್ತವೆ. ಇದನ್ನು ಡೈಹೆಡ್ರಲ್ ಎನ್ನುತ್ತಾರೆ. ಎಡಕ್ಕೆ ಚುಕ್ಕಾಣಿ ಕೊಟ್ಟಾಗ ಮೂಗು ಎಡಕ್ಕೆ ಹೊರಳಿ ಬಲರೆಕ್ಕೆ ಗಾಳಿಗೆ ಮುಂದಾಗಿ ಒಡ್ಡಿಕೊಳ್ಳುತ್ತದೆ, ಡೈಹೆಡ್ರಲ್ಲಿನಿಂದಾಗಿ ಆ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ತಾಗುತ್ತದೆ, ಅದರ ಎತ್ತುಬಲ ಹೆಚ್ಚಿ ವಿಮಾನ ತಾನಾಗಿ ಎಡಕ್ಕೆ ವಾಲುತ್ತದೆ. ಕೈಬಿಟ್ಟರೆ ಇದೇ ಗುಣ ವಿಮಾನವನ್ನು ಮತ್ತೆ ಸಮಸ್ಥಿತಿಗೆ ತರುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಆದರೆ ಅಡ್ಡಗಾಳಿಯಲ್ಲಿ ಇಳಿಸುವಾಗ ಏಲರಾನ್ ಇಲ್ಲದ ಕೊರತೆ ಎದ್ದು ಕಾಣುತ್ತದೆ. ಒಂದು ಕಡೆಯಿಂದ ಬೀಸಿದ ಗಾಳಿ ರೆಕ್ಕೆಯನ್ನು ಎತ್ತಿದರೆ ಅದನ್ನು ಕೂಡಲೇ ತಗ್ಗಿಸುವ ಸಾಧನ ಕೈಯಲ್ಲಿರುವುದಿಲ್ಲ. ಏಲರಾನ್ ಬೇಕೇ ಬೇಕು ಎನ್ನುವವರು ಇದೇ ಮಾಲಿಕೆಯ, 70 ಇಂಚು ರೆಕ್ಕೆಯ ಎಲ್‌ಟಿ-40 ಕಡೆಗೆ ನೋಡಬಹುದು. ಅದು ಇದಕ್ಕಿಂತ ಚುರುಕು, ರೆಕ್ಕೆಯ ಮೇಲಿನ ಭಾರವೂ ಇದಕ್ಕಿಂತ ಹೆಚ್ಚು.

ರೆಕ್ಕೆಯನ್ನು ಒಡಲಿಗೆ ಬಿಗಿಯುವುದು ರಬ್ಬರ್ ಬ್ಯಾಂಡುಗಳಿಂದ. ನೋಡಿದವರು ನಗುತ್ತಾರೆ, ನಗಲಿ. ರೆಕ್ಕೆಯ ತುದಿ ನೆಲಕ್ಕೋ ಗಿಡಕ್ಕೋ ತಾಗಿದಾಗ ಬ್ಯಾಂಡುಗಳು ಹಿಗ್ಗಿ ರೆಕ್ಕೆಯನ್ನು ಜಾರಲು ಬಿಡುತ್ತವೆ, ಬೋಲ್ಟು ಬಿಗಿದ ರೆಕ್ಕೆಯಾದರೆ ಅದೇ ಹೊಡೆತಕ್ಕೆ ಒಡಲನ್ನು ಸೀಳಿಕೊಂಡು ಕಿತ್ತುಬರುತ್ತದೆ. ಸುಮಾರು ಕಾಲು ಇಂಚು ಅಗಲದ ಗಟ್ಟಿ ಬ್ಯಾಂಡುಗಳು ಒಂದು ಡಜನ್ನಿನಷ್ಟಾದರೂ ಬೇಕು, ಕೊನೆಯ ಎರಡನ್ನು ಒಂದಕ್ಕೊಂದು ಅಡ್ಡ ಹಾಯುವಂತೆ ಹಾಕಿದರೆ ಉಳಿದವು ಜಾರುವುದಿಲ್ಲ. ನಮ್ಮ ಬಿಸಿಲಿಗೆ ರಬ್ಬರು ಬೇಗ ಬಿರಿಯುವುದರಿಂದ ಸಣ್ಣ ಬಿರುಕು ಕಂಡ ಬ್ಯಾಂಡನ್ನೂ ಎಸೆಯಬೇಕು.

ಈ ವಿನ್ಯಾಸ ಹುಟ್ಟಿದ್ದು ಗ್ಲೋ ಎಂಜಿನ್‌ಗಳ ಕಾಲದಲ್ಲಿ. ಮೆಥನಾಲ್ ಮತ್ತು ಹರಳೆಣ್ಣೆಯ ಮಿಶ್ರಣ ಕುಡಿಯುವ, 0.40 ಘನ ಇಂಚಿನ, ಅಂದರೆ ಸುಮಾರು 6.5 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್ ಇದಕ್ಕೆ ಹೊಂದುತ್ತದೆ. ಇಂದು ಎಂಜಿನ್ನಿಗಿಂತ ಇಂಧನ ದೊರಕಿಸುವುದೇ ಕಷ್ಟವಾಗಿರುವುದರಿಂದ ನಾನು ವಿದ್ಯುತ್ ಮೋಟಾರನ್ನೇ ಆರಿಸಿಕೊಂಡೆ. 450ರಿಂದ 600 ವಾಟ್ ಶಕ್ತಿಯ ಬ್ರಶ್‌ಲೆಸ್ ಮೋಟಾರು, 12 ಅಥವಾ 13 ಇಂಚಿನ ಪ್ರೊಪೆಲರ್, 4 ಸೆಲ್ಲಿನ 4000 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಇದ್ದರೆ ವಿಮಾನ ನೆಲ ಬಿಟ್ಟೇಳಲು ತಡವರಿಸುವುದಿಲ್ಲ. ಎಂಜಿನ್, ಇಂಧನದ ಟ್ಯಾಂಕು ಮತ್ತು ಇಂಧನದ ತೂಕಕ್ಕೆ ಮೋಟಾರು, ಬ್ಯಾಟರಿಗಳ ತೂಕ ಹೆಚ್ಚುಕಡಿಮೆ ಸರಿದೂಗುತ್ತದೆ. ಮಾರ್ಪಾಡು ಬೇಕಾಗುವುದು ಎರಡು ಕಡೆ. ಮೋಟಾರನ್ನು ಮುಂದಕ್ಕೆ ತರಲು ಮುಂಗೋಡೆಯ ಮೇಲೆ ಪ್ಲೈವುಡ್ಡಿನ ಸಣ್ಣ ಪೆಟ್ಟಿಗೆ ಕಟ್ಟಬೇಕು. ಪ್ರತಿ ಹಾರಾಟಕ್ಕೂ ರಬ್ಬರ್ ಬ್ಯಾಂಡು ಬಿಚ್ಚಿ ರೆಕ್ಕೆ ತೆಗೆಯುವುದು ತಪ್ಪಬೇಕಾದರೆ ಒಡಲಿನ ಮುಂಭಾಗದಲ್ಲಿ ಬ್ಯಾಟರಿಗೆ ಒಂದು ಮುಚ್ಚಳ ಕತ್ತರಿಸಬೇಕು. ಮುಚ್ಚಳಕ್ಕಾಗಿ ಕತ್ತರಿಸಿದ ಕಂಡಿಯ ಸುತ್ತ ಒಳಗಿನಿಂದ ತೆಳು ಪ್ಲೈವುಡ್ಡಿನ ಪಟ್ಟಿ ಅಂಟಿಸದಿದ್ದರೆ ಒಡಲು ಆ ಜಾಗದಲ್ಲೇ ದುರ್ಬಲವಾಗುತ್ತದೆ. ಚುಕ್ಕಾಣಿ, ಎಲಿವೇಟರುಗಳನ್ನು ತಿರುಗಿಸುವ ಪುಟ್ಟ ಮೋಟಾರುಗಳಾದ ಸರ್ವೋಗಳ ಹಳೆಯ ದಪ್ಪ ಅಳತೆಗೆ ಬರೆದ ಹಲಗೆಯ ಕಂಡಿಗಳನ್ನೂ ಈಗಿನ ಸರ್ವೋಗಳಿಗೆ ತಕ್ಕಂತೆ ಕಿರಿದುಗೊಳಿಸಿಕೊಳ್ಳಬೇಕು.

ಮೇಲುಹೊದಿಕೆಯ ಬಗ್ಗೆ ಚುಟುಕಾಗಿ ಹೇಳಬಹುದು. ವಿಮಾನ ದೊಡ್ಡದಾದ್ದರಿಂದ ಎರಡು ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಶಾಖಕ್ಕೆ ಕುಗ್ಗುವ ಫಿಲ್ಮಿನ ರೋಲುಗಳು ಮೂರಾದರೂ ಬೇಕು. ನಗರದ ಒಂದು ಅಂಗಡಿಯಲ್ಲಿ ಹೆಸರಿಲ್ಲದ ಅಗ್ಗದ ಫಿಲ್ಮನ್ನು ಒಳ್ಳೆಯದೆಂದು ಹೇಳಿ ಕೊಟ್ಟಿದ್ದರು. ಬಿಸಿಲಿಗೆ ಇಟ್ಟ ಮೊದಲ ಗಂಟೆಯಲ್ಲೇ ಅದು ಸುಕ್ಕುಗಟ್ಟಿತು. ಜರ್ಮನಿಯ ಓರಾಕವರ್ ದುಬಾರಿಯಾದರೂ ಸುಕ್ಕಾದಾಗ ಇನ್ನೊಮ್ಮೆ ಇಸ್ತ್ರಿ ಮಾಡಿದರೆ ಮತ್ತೆ ಬಿಗಿಯುತ್ತದೆ. ಅದಕ್ಕೆಂದೇ ಇರುವ ಸಣ್ಣ ಇಸ್ತ್ರಿ ಪೆಟ್ಟಿಗೆ ಇಲ್ಲದಿದ್ದರೆ ಮನೆಯ ಇಸ್ತ್ರಿ ಪೆಟ್ಟಿಗೆಯನ್ನು ಮಂದ ಶಾಖದಲ್ಲಿಟ್ಟು, ತಳಕ್ಕೆ ಹತ್ತಿಬಟ್ಟೆ ಸುತ್ತಿ ಬಳಸಬಹುದು. ರೆಕ್ಕೆಯ ಮೇಲ್ಭಾಗಕ್ಕೆ ತಿಳಿ ಬಣ್ಣ, ಕೆಳಭಾಗಕ್ಕೆ ಗಾಢ ಬಣ್ಣ ಆರಿಸಿದರೆ ಮೋಡ ಕವಿದ ದಿನವೂ ವಿಮಾನ ಯಾವ ಕಡೆ ವಾಲಿದೆ ಎಂಬುದು ದೂರದಿಂದ ತಿಳಿಯುತ್ತದೆ.

ಇನ್ನು ಹಾರಾಟ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡ ಎಂಟರಷ್ಟು ತೆಳು. ಎಂಜಿನ್ ಅಷ್ಟು ಬಲ ಕಳೆದುಕೊಳ್ಳುತ್ತದೆ, ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಶೇಕಡ ನಾಲ್ಕರಷ್ಟು ಏರುತ್ತದೆ. ಭಾರದ ವಿಮಾನಗಳಿಗೆ ಇದು ತೊಂದರೆ ಕೊಡುತ್ತದೆ. ಕ್ಯಾಡೆಟ್ ಸೀನಿಯರಿಗೆ ಇದರ ಪರಿವೆಯೇ ಇಲ್ಲ. ಮೇಲೆ ಹೇಳಿದ ತೂಕ, ವಿಸ್ತೀರ್ಣಗಳನ್ನಿಟ್ಟು ಲೆಕ್ಕ ಹಾಕಿದರೆ ಬೆಂಗಳೂರಿನಲ್ಲೂ ಅದರ ಕನಿಷ್ಠ ವೇಗ ಗಂಟೆಗೆ 27 ಕಿಲೋಮೀಟರಿನ ಆಸುಪಾಸಿಗೆ ಬರುತ್ತದೆ, ಅಂದರೆ ಜೋರಾಗಿ ತುಳಿದ ಸೈಕಲ್ಲಿನ ವೇಗ. ಥ್ರಾಟಲನ್ನು ಅರ್ಧಕ್ಕೆ ಇಳಿಸಿದರೂ ಅದು ಎತ್ತರ ಬಿಡದೆ ಸಾಗುತ್ತದೆ. ವೇಗ ತೀರ ಕುಂದಿದಾಗ ಒಂದು ಕಡೆಗೆ ಕುಸಿಯದೆ ಮೂಗನ್ನು ಮೆಲ್ಲನೆ ತಗ್ಗಿಸಿ ಮತ್ತೆ ವೇಗ ಪಡೆದುಕೊಳ್ಳುತ್ತದೆ. ಪಕ್ಕದಲ್ಲಿ ನಿಂತು ಕಲಿಸುವವರಿಗೆ ಬಾಯಲ್ಲಿ ಹೇಳಿ ಮುಗಿಸುವಷ್ಟು ಸಮಯ ಇದರಲ್ಲಿ ಸಿಗುತ್ತದೆ, ಟ್ರಾನ್ಸ್‌ಮಿಟರನ್ನು ಕಸಿದುಕೊಳ್ಳುವ ಅಗತ್ಯ ಬರುವುದಿಲ್ಲ.

ಆದರೆ ಆ ಹಗುರತನವೇ ಗಾಳಿಯ ದಿನಗಳಲ್ಲಿ ಮುಳುವಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮಾರುತ ಬೀಸುವಾಗ ಹೊಲದ ಮೇಲೆ ಈ ವಿಮಾನ ಮುಂದಕ್ಕೆ ಹೋಗುವುದಕ್ಕಿಂತ ಪಕ್ಕಕ್ಕೆ ತೇಲುವುದೇ ಹೆಚ್ಚು. ಮಳೆಗಾಲವನ್ನು ಕಟ್ಟುವುದಕ್ಕೆ ಇಟ್ಟುಕೊಂಡು ದಸರೆಯ ನಂತರ, ಬೆಳಗಿನ ಹೊತ್ತು, ಗಾಳಿ ಏಳುವ ಮುನ್ನ ಹಾರಿಸುವುದು ಸರಿಯಾದ ಕ್ರಮ. ಅಕ್ರೊಬ್ಯಾಟಿಕ್ಸ್ ಬಯಸುವವರಿಗೆ ಇಲ್ಲಿ ಏನೂ ಇಲ್ಲ. ಒಂದು ಸಾಧಾರಣ ಲೂಪ್, ಅಂದರೆ ಮೇಲಕ್ಕೇರಿ ತಲೆಕೆಳಗಾಗಿ ಬರುವ ಸುತ್ತು, ಹಾಕಿಸಬಹುದು, ಅದೂ ವೇಗ ಪಡೆದ ಮೇಲೆ.

ಎಲ್ಲಿ ಹಾರಿಸುವುದು ಎಂಬುದು ವಿಮಾನ ಕಟ್ಟುವುದಕ್ಕಿಂತ ಕಠಿಣವಾದ ಪ್ರಶ್ನೆಯಾಗಿದೆ. 2021ರ ಡ್ರೋನ್ ನಿಯಮಗಳು 25 ಕಿಲೋಗ್ರಾಂ ಮೀರದ, ಕಲಿಕೆ ಸಂಶೋಧನೆ ಮನರಂಜನೆಗಳಿಗಾಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ ಸಾಧನಗಳನ್ನು ‘ಮಾದರಿ’ ಎಂದು ಬೇರೆಯಾಗಿ ಗುರುತಿಸಿ, ವಿನ್ಯಾಸಕ್ಕೆ ಸರ್ಕಾರದ ಮಾನ್ಯತೆಯಾದ ಟೈಪ್ ಸರ್ಟಿಫಿಕೇಟ್ ಪಡೆಯುವ ಹೊರೆಯಿಂದ ಬಿಟ್ಟಿವೆ. ವಾಯುಪ್ರದೇಶದ ಹಸಿರು, ಹಳದಿ, ಕೆಂಪು ವಲಯಗಳ ಕಟ್ಟುಪಾಡು ಮಾತ್ರ ಮಾದರಿಗಳಿಗೂ ಇದೆ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ನಾಲ್ಕು ಕಡೆ ವಿಮಾನ ನಿಲ್ದಾಣಗಳಿರುವ ಬೆಂಗಳೂರಿನಲ್ಲಿ ಬಿಡುವಾದ ಆಕಾಶವನ್ನು ಹುಡುಕಿ ಊರಿನಿಂದ ಬಹುದೂರ ಹೋಗಬೇಕಾಗುತ್ತದೆ. ಈ ವಲಯಗಳನ್ನು ತೋರಿಸುವ ಸರ್ಕಾರದ ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ಜಾಗವನ್ನು ನೋಡಿಕೊಂಡು, ಹೊಲದ ಯಜಮಾನರ ಒಪ್ಪಿಗೆ ಕೇಳಿಕೊಂಡು ಹೋಗುವುದು ಈ ಹವ್ಯಾಸದ ಮರ್ಯಾದೆ ಉಳಿಯುವ ದಾರಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನನ್ನ ವಿಮಾನವನ್ನು ಕಲಿಯಲು ಬಂದ ಹುಡುಗರು ಹಾರಿಸುವಾಗ ಅದು ಒಮ್ಮೆ ಮೂಗುಮುಂದಾಗಿ ನೆಲಕ್ಕಿಳಿದು ಮುಂಗೋಡೆ ಕಳಚಿತು, ಇನ್ನೊಮ್ಮೆ ಜಾಲಿಯ ಗಿಡಕ್ಕೆ ಸಿಕ್ಕಿ ಕೆಲವು ರಿಬ್ಬುಗಳು ಮುರಿದವು. ಫೋಮಿನ ವಿಮಾನವನ್ನೂ ಅಂಟು ಹಚ್ಚಿ ಹಾರಿಸಬಹುದು, ಸಣ್ಣ ಪೆಟ್ಟುಗಳಿಗೆ ಅದೇ ಸುಲಭ ಕೂಡ. ಆದರೆ ಜಜ್ಜಿಹೋದ ಫೋಮು ತನ್ನ ಮೊದಲಿನ ಆಕಾರಕ್ಕೆ ಮರಳುವುದಿಲ್ಲ, ಆ ಮಾದರಿಯ ಬಿಡಿರೆಕ್ಕೆ ಅಂಗಡಿಗೆ ಬರುವುದು ನಿಂತ ದಿನ ವಿಮಾನದ ಆಯುಸ್ಸೂ ಮುಗಿಯುತ್ತದೆ. ಬಾಲ್ಸಾದ ವಿಮಾನದಲ್ಲಿ ಮುರಿದ ಜಾಗದ ಫಿಲ್ಮನ್ನು ಕತ್ತರಿಸಿ ತೆಗೆದು, ನಕ್ಷೆಯಿಂದ ರಿಬ್ಬಿನ ಆಕಾರವನ್ನು ಹೊಸ ಹಲಗೆಗೆ ಇಳಿಸಿ, ಕತ್ತರಿಸಿ ಕೂರಿಸಿ, ಮೇಲೊಂದು ತುಂಡು ಫಿಲ್ಮ್ ಹಚ್ಚಿದರೆ ರೆಕ್ಕೆ ಮೊದಲಿದ್ದ ಅಳತೆಗೇ ಬರುತ್ತದೆ. ಕಟ್ಟಿದವರಿಗೆ ಒಳಗಿನ ಪ್ರತಿ ಕೀಲೂ ಗೊತ್ತಿರುವುದರಿಂದ ಎಲ್ಲಿ ಬಿರುಕು ಅಡಗಿರಬಹುದು ಎಂದು ಬೆರಳಿನಿಂದ ಒತ್ತಿ ಕಂಡುಹಿಡಿಯುವುದೂ ಸಾಧ್ಯ. ಹುಡುಗರಿಗೆ ಆ ರಿಪೇರಿಯನ್ನು ನಾನು ಮಾಡಿಕೊಡಲಿಲ್ಲ, ಅವರಿಂದಲೇ ಮಾಡಿಸಿದೆ.

ಬಾಲ್ಸಾ ಎಂದರೆ ಹಳಬರ ಹಟ ಎನ್ನುವವರು 2003ರ ಆಗಸ್ಟ್ ತಿಂಗಳನ್ನು ನೆನೆಯಬೇಕು. ಅಮೆರಿಕದ ಮೇನಾರ್ಡ್ ಹಿಲ್ ಮತ್ತು ಸಂಗಡಿಗರು ಕಟ್ಟಿದ, ಐದು ಕಿಲೋಗ್ರಾಮಿನ ಮಿತಿಯೊಳಗಿನ ‘ಟ್ಯಾಮ್-5’ ಎಂಬ ಬಾಲ್ಸಾ ಮಾದರಿ ವಿಮಾನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು ಸುಮಾರು 39 ಗಂಟೆಗಳ ಕಾಲ ಅಟ್ಲಾಂಟಿಕ್ ಸಾಗರದ ಮೇಲೆ ಹಾರಿ ಐರ್ಲೆಂಡಿನಲ್ಲಿ ಇಳಿಯಿತು.

ಕ್ಯಾಡೆಟ್ ಸೀನಿಯರ್ ಯಾರಿಗೆ ಸಲ್ಲದು ಎಂಬುದನ್ನೂ ಹೇಳಿಬಿಡಬೇಕು. ಮುಂದಿನ ತಿಂಗಳೊಳಗೆ ಹಾರಾಟ ಕಲಿಯಬೇಕೆಂದಿರುವವರು ಫೋಮಿನ ವಿಮಾನವನ್ನೇ ಕೊಳ್ಳಲಿ; ಕಿಟ್ ಅವರ ತಾಳ್ಮೆಯನ್ನು ಕೆಡಿಸುತ್ತದೆ. ಸಣ್ಣ ಕಾರು, ಸಣ್ಣ ಮನೆ ಇರುವವರು ಎರಡು ಮೀಟರಿನ ರೆಕ್ಕೆಯನ್ನು ಎಲ್ಲಿ ಇಡುತ್ತೇವೆ ಎಂದು ಯೋಚಿಸಿಯೇ ಹಣ ಕೊಡಲಿ. ಬಡಗಿಯ ಕೆಲಸದಲ್ಲಿ ಆಸಕ್ತಿ ಇರುವವರಿಗೆ, ಮನೆಯ ಮಕ್ಕಳನ್ನು ಕೂರಿಸಿಕೊಂಡು ಒಂದು ಮಳೆಗಾಲ ಕಳೆಯಬಯಸುವವರಿಗೆ, ಏರೋನಾಟಿಕಲ್ ಎಂಜಿನಿಯರಿಂಗ್ ಓದುತ್ತಾ ಸ್ಪಾರನ್ನು ಪುಸ್ತಕದಲ್ಲಿ ಮಾತ್ರ ನೋಡಿರುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪೆಟ್ಟಿಗೆಯನ್ನು ನಾನು ಕಂಡಿಲ್ಲ.

ವಿದೇಶದಿಂದ ಬರುವ ನೆಂಟರ ಮೂಲಕ ತರಿಸುವ ಆಲೋಚನೆ ಇದ್ದರೆ, ಪೆಟ್ಟಿಗೆ ಸೂಟ್‌ಕೇಸಿನಲ್ಲಿ ಹಿಡಿಸದಷ್ಟು ಉದ್ದ ಎಂಬುದನ್ನು ಅವರಿಗೆ ಮೊದಲೇ ತಿಳಿಸಬೇಕು. ಹಳೆಯ ಪೆಟ್ಟಿಗೆಯನ್ನು ಇಲ್ಲಿಯೇ ಕೈಬದಲು ಕೊಳ್ಳುವವರು ಹಣ ಕೊಡುವ ಮುನ್ನ ಉದ್ದನೆಯ ಸ್ಪಾರ್ ಕಡ್ಡಿಗಳನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೇರವಾಗಿವೆಯೇ ನೋಡಬೇಕು, ಹಲಗೆಗಳಲ್ಲಿ ಹುಳ ಕೊರೆದ ತೂತುಗಳಿವೆಯೇ ಪರೀಕ್ಷಿಸಬೇಕು, ಕೈಪಿಡಿಯ ಪಟ್ಟಿಯ ಜೊತೆ ಪ್ಲೈವುಡ್ ಭಾಗಗಳನ್ನು ಎಣಿಸಬೇಕು. ಸ್ಪಾರು ಸೊಟ್ಟಗಿದ್ದರೆ ಬೇರೆ ಕಡ್ಡಿ ತರಬಹುದು, ಕಾಣೆಯಾದ ಭಾಗವನ್ನು ಹೊಸದಾಗಿ ಕತ್ತರಿಸಬಹುದು. ಅವುಗಳಿಗಾಗಿ ಬೆಲೆ ಇಳಿಸಿ ಕೇಳಿದರೆ ಸಾಕು. ನಕ್ಷೆಯೇ ಇಲ್ಲದ ಪೆಟ್ಟಿಗೆಯನ್ನು ಮಾತ್ರ ಅರ್ಧ ಬೆಲೆಗೆ ಕೊಡುತ್ತೇನೆಂದರೂ ಕೊಳ್ಳಬಾರದು.